ದಲ್ಲಾಳಿಯ ಕೆಲಸ ಯಾರು ಮಾಡಬೇಕು?

ಹಳ್ಳಿಯ ಸರಕನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟ ಹೊಸ ಕಂಪನಿಗಳ ಯೋಜನಾ ವರದಿಗಳಲ್ಲಿ ಮೊದಲ ಪುಟದ ಮಾತು ಹೆಚ್ಚುಕಡಿಮೆ ಒಂದೇ: ನಡುವಿನ ದಲ್ಲಾಳಿಯನ್ನು ತೆಗೆದುಹಾಕಿ ರೈತನನ್ನೂ ಗಿರಾಕಿಯನ್ನೂ ನೇರವಾಗಿ ಸೇರಿಸುತ್ತೇವೆ. ಕೇಳಲು ನ್ಯಾಯವಾಗಿಯೇ ಇದೆ. ರೈತನ ಕೈಗೆ ಬಂದ ಬೆಲೆಗೂ ಬೆಂಗಳೂರಿನ ಅಂಗಡಿಯ ಬೆಲೆಗೂ ಇರುವ ಅಂತರವನ್ನು ತೋರಿಸಿ, ಅದರಲ್ಲಿ ಅರ್ಧ ರೈತನಿಗೆ, ಅರ್ಧ ಕಂಪನಿಗೆ ಎಂದು ಲೆಕ್ಕ ಬರೆದರೆ ಹಣ ಹೂಡುವವರೂ ತಲೆದೂಗುತ್ತಾರೆ. ಆದರೆ ಈ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿರುತ್ತದೆ. ಆ ಅಂತರವೆಲ್ಲ ದಲ್ಲಾಳಿಯ ಲಾಭವಲ್ಲ. ಅದರ ದೊಡ್ಡ ಪಾಲು ಅವನು ಮಾಡುವ ಕೆಲಸಗಳ ಖರ್ಚು. ಅವನನ್ನು ಕಳಿಸಬಹುದು, ಕೆಲಸಗಳು ಅಲ್ಲೇ ಉಳಿಯುತ್ತವೆ, ಅವನ್ನು ಮಾಡಲು ಕಂಪನಿ ಸಂಬಳ ಕೊಟ್ಟು ಬೇರೆ ಜನರನ್ನು ಇಡಬೇಕಾಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದಂಥ ತಾಲ್ಲೂಕುಗಳಲ್ಲಿ ಬಾಳಿಕೆ ಬರುವ ಆನ್‌ಲೈನ್ ಸೇವೆ ಯಾವುದು ಎಂದು ಯೋಚಿಸುವಾಗ ನನಗೆ ಮತ್ತೆ ಮತ್ತೆ ಸ್ಪಷ್ಟವಾಗುವುದು ಇದು: ದಲ್ಲಾಳಿಯ ಹತ್ತು ಕೆಲಸಗಳಲ್ಲಿ ಒಂದನ್ನು ಅವನಿಗಿಂತ ಚೆನ್ನಾಗಿ ಮಾಡಿ, ಉಳಿದದ್ದನ್ನು ಅವನಿಗೇ ಬಿಟ್ಟು, ಅವನಿಂದಲೇ ಶುಲ್ಕ ಪಡೆಯುವ ಸೇವೆ ನಿಲ್ಲುತ್ತದೆ. ಅವನನ್ನೇ ಇಲ್ಲವಾಗಿಸಲು ಹೊರಟದ್ದು ಹೂಡಿಕೆಯ ಹಣ ಇರುವವರೆಗೆ ಮಾತ್ರ ನಡೆಯುತ್ತದೆ.

ನಾಲ್ಕೂ ಮಂಡ್ಯ ಜಿಲ್ಲೆಯ ತಾಲ್ಲೂಕುಗಳೇ ಆದರೂ ವ್ಯಾಪಾರದ ಕಣ್ಣಿಗೆ ಒಂದರಂತೆ ಇನ್ನೊಂದಿಲ್ಲ. ಶ್ರೀರಂಗಪಟ್ಟಣಕ್ಕೆ ಕೋಟೆ, ರಂಗನಾಥಸ್ವಾಮಿ, ನಿಮಿಷಾಂಬ, ರಂಗನತಿಟ್ಟು, ಕೆಆರ್‌ಎಸ್ ಅಂತ ಹೊರಗಿನವರು ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರು ಸಂಜೆಗೆ ಮೈಸೂರು ಸೇರುತ್ತಾರೆ. ಪಾಂಡವಪುರ ವಿಶ್ವೇಶ್ವರಯ್ಯ ನಾಲೆಯ ಕಬ್ಬು-ಭತ್ತದ ಸೀಮೆ. ಅಲ್ಲಿಯ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತು ನಿಂತು ನಡೆದು, ಕೊನೆಗೆ 2020ರಲ್ಲಿ ನಿರಾಣಿ ಸಮೂಹಕ್ಕೆ ದೀರ್ಘಾವಧಿ ಗುತ್ತಿಗೆಗೆ ಹೋಯಿತು. ಕೆ.ಆರ್.ಪೇಟೆಗೆ ಹೇಮಾವತಿಯ ನೀರುಂಟು, ಮಾಕವಳ್ಳಿಯಲ್ಲಿ ಖಾಸಗಿ ಸಕ್ಕರೆ ಕಾರ್ಖಾನೆಯುಂಟು. ನಾಗಮಂಗಲದ ಬಹುಭಾಗ ಮಳೆಯನ್ನೇ ನೆಚ್ಚಿದ್ದು: ರಾಗಿ, ಹುರುಳಿ, ತೆಂಗು, ಮನೆಯಲ್ಲಿ ಎರಡು ಹಸು, ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ ಸುಮಾರು 18 ಲಕ್ಷ, ಪಟ್ಟಣವಾಸಿಗಳು ನೂರಕ್ಕೆ 17 ಮಂದಿ. ಬೆಂಗಳೂರಿನ ಒಂದು ಬಡಾವಣೆಯ ಸುತ್ತಮುತ್ತ ಸಿಗುವ ಗಿರಾಕಿಗಳ ದಟ್ಟಣೆ ಇಲ್ಲಿ ಒಂದು ತಾಲ್ಲೂಕಿನಲ್ಲೂ ಸಿಗದು. ಒಂದೇ ಕೆಲಸ ಮಾಡುವ ಆ್ಯಪ್ ಮಹಾನಗರದಲ್ಲಿ ಬದುಕುವುದು ಆ ದಟ್ಟಣೆಯಿಂದ. ಇಲ್ಲಿಯ ದಲ್ಲಾಳಿ ಬದುಕುವುದು ಒಬ್ಬನೇ ಗಿರಾಕಿಗೆ ಹತ್ತು ಕೆಲಸ ಮಾಡಿಕೊಡುವುದರಿಂದ.

ಬೆಲ್ಲವನ್ನೇ ನೋಡಿ. ಕಾರ್ಖಾನೆ ಅರೆಯುವುದು ತಡವಾದಾಗ, ಹಣ ಬಾಕಿ ಉಳಿದಾಗ, ಕಟಾವಿಗೆ ಆಳು ಸಿಗದಾಗ ಕಬ್ಬು ಆಲೆಮನೆಯ ಕಡೆ ತಿರುಗುತ್ತದೆ. ಕಾರ್ಖಾನೆಗೆ ಹಾಕಿದ ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ದರವಿದೆ. 2024-25ರ ಹಂಗಾಮಿಗೆ ಅದು ಶೇ 10.25 ಇಳುವರಿಯ ಕಬ್ಬಿಗೆ ಟನ್ನಿಗೆ 3,400 ರೂಪಾಯಿ ಇತ್ತು. 14 ದಿನಗಳೊಳಗೆ ಹಣ ಕೊಡಬೇಕೆಂಬ ನಿಯಮ 1966ರ ನಿಯಂತ್ರಣ ಆದೇಶದಲ್ಲೇ ಇದೆ, ಪಾಲನೆಯ ಕಥೆ ರೈತರಿಗೆ ಗೊತ್ತು. ಆಲೆಮನೆಗೆ ಅಂಥ ದರವೂ ಇಲ್ಲ, ನಿಯಮವೂ ಇಲ್ಲ, ಆದರೆ ಹಣ ಬೇಗ ಸಿಗುತ್ತದೆ. ಒಂದು ಟನ್ ಕಬ್ಬಿನಿಂದ ಸುಮಾರು 100 ಕೆ.ಜಿ. ಬೆಲ್ಲ ಇಳಿಯುತ್ತದೆ. ಅದು ಕುರಿಕಾಟು ಅಚ್ಚು, ಬಾಕ್ಸ್, ಬಕೆಟ್ ಎಂಬ ರೂಪಗಳಲ್ಲಿ ಮಂಡ್ಯದ ಎಪಿಎಂಸಿಗೆ ಬರುತ್ತದೆ. ಅಲ್ಲಿ ಮಂಡಿಯವನು ಏನು ಮಾಡುತ್ತಾನೆ? ಮುರಿದು, ಮೂಸಿ, ನಾಲಿಗೆಗಿಟ್ಟು ಗುಣ ಕಟ್ಟುತ್ತಾನೆ. ಹಂಗಾಮಿಗೆ ಮೊದಲೇ ಆಲೆಮನೆಯವನಿಗೆ ಮುಂಗಡ ಕೊಟ್ಟಿರುತ್ತಾನೆ. ದೂರದ ಊರಿನ ಯಾವ ಖರೀದಿದಾರನಿಗೆ ಯಾವ ಬಣ್ಣ ಬೇಕು ಎಂಬುದು ಅವನಿಗೆ ತಿಳಿದಿದೆ. ಆ ಖರೀದಿದಾರ ಹಣ ತಡಮಾಡಿದರೆ ಆ ನಷ್ಟದ ಭಾರ ಮೊದಲು ಬೀಳುವುದು ಇವನ ಮೇಲೆ. ಮಳೆಗಾಲದ ತೇವಕ್ಕೆ ಬೆಲ್ಲ ನೀರೊಡೆಯುವ ಮುನ್ನ ಲಾರಿ ಹತ್ತಿಸುತ್ತಾನೆ. ವರ್ಷವಿಡೀ ಲೆಕ್ಕ ಬರೆದಿಡುತ್ತಾನೆ. ಇವೆಲ್ಲವನ್ನೂ ಪ್ರಾಮಾಣಿಕವಾಗಿ ಮಾಡುತ್ತಾನೆಂದು ನಾನು ಹೇಳುತ್ತಿಲ್ಲ; ಅದಕ್ಕೆ ಮುಂದೆ ಬರುತ್ತೇನೆ. ಇವನ್ನೆಲ್ಲ ಯಾರಾದರೂ ಮಾಡಲೇಬೇಕು ಎಂಬುದಷ್ಟೇ ಸದ್ಯದ ಮಾತು.

ಈಗ ಇದೇ ಬೆಲ್ಲವನ್ನು ಆ್ಯಪ್‌ನಲ್ಲಿ ನೇರವಾಗಿ ಮನೆಗಳಿಗೆ ಮಾರುವ ಲೆಕ್ಕ. ಮಂಡಿಯಲ್ಲಿ ಕೆ.ಜಿ.ಗೆ 50 ರೂಪಾಯಿ ಎಂದಿಟ್ಟುಕೊಳ್ಳೋಣ. ಬೆಂಗಳೂರಿನ ಮನೆಯೊಂದು ಎರಡು ಕೆ.ಜಿ. ತರಿಸಿದರೆ ಸರಕಿನ ಬೆಲೆ 100. ರಟ್ಟಿನ ಡಬ್ಬ, ಕಟ್ಟುವ ಕೂಲಿ, ಕೊರಿಯರ್, ಒಡೆದು ಹೋದ ಮತ್ತು ವಾಪಸು ಬಂದ ಪೊಟ್ಟಣಗಳ ನಷ್ಟ ಸೇರಿದರೆ ಇನ್ನೊಂದು 100 ಸುಲಭವಾಗಿ ಏರುತ್ತದೆ. ಗಿರಾಕಿಯನ್ನು ಹುಡುಕಿ ತರುವ ಜಾಹೀರಾತಿನ ಖರ್ಚು ಇನ್ನೂ ಬರೆದಿಲ್ಲ. ಮಂಡಿಯವನು ಲಾರಿಯಲ್ಲಿ ಹತ್ತು ಟನ್ ಕಳಿಸುವಾಗ ಕೆ.ಜಿ.ಯ ಮೇಲೆ ಬೀಳುವ ಸಾಗಣೆ ಕೆಲವೇ ರೂಪಾಯಿ. ಅಂದರೆ ದಲ್ಲಾಳಿಯನ್ನು ತೆಗೆದು ಉಳಿಸಿದ್ದಕ್ಕಿಂತ ಹೆಚ್ಚನ್ನು ಕೊರಿಯರ್‌ನವನಿಗೆ ಕೊಟ್ಟಂತಾಯಿತು. ಅದೂ ತಿಂಗಳಿಗೊಮ್ಮೆ ಎರಡು ಕೆ.ಜಿ. ಕೊಳ್ಳುವ ಗಿರಾಕಿಗಾಗಿ.

ಇದಕ್ಕಿಂತ ಆಳದ ತೊಡಕು ಫೋಟೊದ್ದು. ಪಾಕಕ್ಕೆ ಹೈಡ್ರೋಸ್ ಎಂಬ ರಾಸಾಯನಿಕ ಬಿದ್ದರೆ ಬೆಲ್ಲ ಹೊಂಬಣ್ಣಕ್ಕೆ ತಿರುಗುತ್ತದೆ. ಏನನ್ನೂ ಹಾಕದ ಬೆಲ್ಲ ಕಂದು, ಕೆಲವೊಮ್ಮೆ ಕಪ್ಪು. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಎಷ್ಟಿರಬಹುದು ಎಂಬುದಕ್ಕೆ ಆಹಾರ ಸುರಕ್ಷತೆಯ ಮಿತಿಯಿದೆ, ಹತ್ತು ಲಕ್ಷಕ್ಕೆ 70 ಭಾಗ. ಇದು ಫೋಟೊದಲ್ಲಿ ಕಾಣುವುದಿಲ್ಲ. ಫೋಟೊದಲ್ಲಿ ಗೆಲ್ಲುವುದು ಹೊಂಬಣ್ಣವೇ. ರೈತನಿಗೂ ಗಿರಾಕಿಗೂ ನಡುವೆ ಏನೂ ಇಲ್ಲದೆ ಬರೀ ಫೋಟೊ ಮತ್ತು ಬೆಲೆಯ ಪಟ್ಟಿಯನ್ನಿಟ್ಟ ಮಾರುಕಟ್ಟೆ, ಒಳ್ಳೆಯ ಬೆಲ್ಲ ಮಾಡಿದವನನ್ನೇ ಶಿಕ್ಷಿಸುತ್ತದೆ. ಮಂಡಿಯವನ ನಾಲಿಗೆ ಮಾಡುತ್ತಿದ್ದ ಕೆಲಸಕ್ಕೆ ಇಲ್ಲಿ ಯಾರೂ ಇಲ್ಲ.

ಇದನ್ನು ಅರ್ಥಮಾಡಿಕೊಂಡ ಉದಾಹರಣೆ ಇದೇ ಜಿಲ್ಲೆಯಲ್ಲಿದೆ. ಅಮೆರಿಕದಲ್ಲಿ ಸಾಫ್ಟ್‌ವೇರ್ ಉದ್ಯಮದಲ್ಲಿದ್ದ ಮಧು ಚಂದನ್ 2014ರಲ್ಲಿ ಊರಿಗೆ ಮರಳಿ, ಸಾವಯವ ಕೃಷಿಕರನ್ನು ಒಟ್ಟುಗೂಡಿಸಿ ಸಹಕಾರ ಸಂಘವೊಂದನ್ನು ಕಟ್ಟಿದರು. ಆಗಿನ ಪತ್ರಿಕಾ ವರದಿಗಳ ಪ್ರಕಾರ ಸುಮಾರು 240 ರೈತರು ಸೇರಿ ಹತ್ತಿರ ಹತ್ತಿರ ಒಂದು ಕೋಟಿ ರೂಪಾಯಿ ಕೂಡಿಸಿದ್ದರು. ‘ಆರ್ಗ್ಯಾನಿಕ್ ಮಂಡ್ಯ’ ಎಂಬ ಹೆಸರು ಹುಟ್ಟಿದ್ದು ಹಾಗೆ. ಅವರು ಮರಳಿದ ಮರುವರ್ಷ, 2015, ಮಂಡ್ಯದಲ್ಲಿ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ರಾಜ್ಯವನ್ನೇ ಕಲಕಿದ ವರ್ಷ ಎಂಬುದನ್ನೂ ನೆನೆಯಬೇಕು. ಸಾಫ್ಟ್‌ವೇರಿನಿಂದ ಬಂದವರು ಮೊದಲು ಆ್ಯಪ್ ಮಾಡಿಸುತ್ತಾರೆ ಎಂದು ಯಾರಾದರೂ ಊಹಿಸಬಹುದು. ಇಲ್ಲಿ ಮುಖ್ಯ ನಿರ್ಧಾರ ಬೇರೆಯಾಗಿತ್ತು: ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ ಅಂಗಡಿ. ಸಾವಯವ ಅಕ್ಕಿ-ಬೆಲ್ಲಕ್ಕೆ ಹೆಚ್ಚು ಬೆಲೆ ಕೊಡಬಲ್ಲ ಬೆಂಗಳೂರಿಗ ವಾರದ ಕೊನೆಗೆ ಹೇಗೂ ಆ ದಾರಿಯಲ್ಲಿ ಕಾರು ಓಡಿಸುತ್ತಾನೆ. ಕೊರಿಯರ್ ಖರ್ಚನ್ನು ಅವನ ಕಾರೇ ಭರಿಸುತ್ತದೆ, ಕಂದು ಬೆಲ್ಲವನ್ನು ಕೈಯಲ್ಲಿ ಹಿಡಿದು ತಿಂದು ನೋಡುತ್ತಾನೆ, ಯಾಕೆ ಹಳದಿಯಿಲ್ಲ ಎಂದು ಕೇಳಿದರೆ ಉತ್ತರ ಹೇಳಲು ಎದುರಿಗೊಬ್ಬರು ಇರುತ್ತಾರೆ. ಹೀಗೆ ಹೆಸರಿನ ಮೇಲೆ ಕೂತ ನಂಬಿಕೆಯ ಬಲದಲ್ಲೇ ಆನ್‌ಲೈನ್ ಮಾರಾಟ ನಡೆಯಬಲ್ಲದು. ಇದನ್ನು ದಲ್ಲಾಳಿಯಿಲ್ಲದ ವ್ಯಾಪಾರವೆಂದು ಹೊಗಳುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಗುಣ ಕಟ್ಟುವುದು, ಒಟ್ಟುಗೂಡಿಸುವುದು, ಕೂಡಿಡುವುದು, ಗಿರಾಕಿ ಹುಡುಕುವುದು, ಅಂದರೆ ಮಂಡಿಯವನ ಕೆಲಸಗಳನ್ನೇ ರೈತರ ಸಂಘ ಮತ್ತು ಒಂದು ಹೆಸರು ತಮ್ಮ ಮೇಲೆ ಹಾಕಿಕೊಂಡವು. ಅದಕ್ಕೆ ಗೋದಾಮು ಬೇಕು, ನೌಕರರು ಬೇಕು, ಬಾಡಿಗೆ ಬೇಕು. ಅದಕ್ಕೇ ಅಲ್ಲಿಯ ಸರಕು ಅಗ್ಗವೂ ಅಲ್ಲ. ಸಾವಯವವೆಂದು ಹೆಚ್ಚು ಕೊಡುವ ಗಿರಾಕಿಗಷ್ಟೇ ಹೊಂದುವ ಈ ಮಾದರಿ, ಮಂಡಿಗೆ ದಿನವೂ ಬರುವ ಸಾಧಾರಣ ಬಕೆಟ್ ಬೆಲ್ಲಕ್ಕೆ ಹೊಂದುವುದಿಲ್ಲ.

ಹೆದ್ದಾರಿಯನ್ನು ನೆಚ್ಚಿದ ವ್ಯಾಪಾರಕ್ಕೆ ಹೆದ್ದಾರಿಯೇ ಕಲಿಸಿದ ಪಾಠವೊಂದಿದೆ. 2023ರ ಮಾರ್ಚ್‌ನಲ್ಲಿ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ 118 ಕಿ.ಮೀ. ಉದ್ದದ ದಶಪಥ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬೈಪಾಸ್‌ಗಳಲ್ಲಿ ದಾಟಿಸಿಬಿಟ್ಟಿತು. ಬೊಂಬೆ ಅಂಗಡಿಗಳು, ವಡೆಯ ಹೋಟೆಲುಗಳು ಗಿರಾಕಿಗಳನ್ನು ಕಳೆದುಕೊಂಡ ಸುದ್ದಿ ಆಗ ದಿನವೂ ಬರುತ್ತಿತ್ತು. ಸರಕು ಕೆಟ್ಟಿರಲಿಲ್ಲ, ದಾರಿ ಬದಲಾಗಿತ್ತು. ದೊಡ್ಡ ಆನ್‌ಲೈನ್ ಮಾರುಕಟ್ಟೆಯೊಂದರ ಹುಡುಕಾಟದ ಪಟ್ಟಿಯನ್ನೇ ನೆಚ್ಚಿ ಮಾರುವವನ ಸ್ಥಿತಿಯೂ ಇದೇ. ಪಟ್ಟಿಯಲ್ಲಿ ಮೂರನೆಯ ಪುಟಕ್ಕೆ ಸರಿದ ದಿನ ಅವನ ಅಂಗಡಿಯ ಮುಂದೆ ಬೈಪಾಸ್ ಆದಂತೆ, ಅಹವಾಲು ಕೊಡಲು ಜಿಲ್ಲಾಧಿಕಾರಿಯೂ ಇಲ್ಲ.

ಬೆಂಗಳೂರಿನ ಕಂಪನಿಗಳ ಇತಿಹಾಸವನ್ನು ಇದೇ ದೃಷ್ಟಿಯಿಂದ ಓದಿದರೆ, ಗೆದ್ದವರು ಮಾಡಿದ ತಿರುವುಗಳು ಹೆಚ್ಚಾಗಿ ದಲ್ಲಾಳಿಯ ಪರವಾಗಿಯೇ ಇವೆ. 2015ರಲ್ಲಿ ಶುರುವಾದ ನಿಂಜಾಕಾರ್ಟ್ ಮೊದಲು ಮನೆಗಳಿಗೆ ದಿನಸಿ ತಲುಪಿಸಲು ಹೊರಟಿತ್ತು. ಬೇಗನೆ ಅದನ್ನು ಬಿಟ್ಟು, ರೈತರಿಂದ ತರಕಾರಿ ಕೊಂಡು ಬೀದಿಯ ಅಂಗಡಿಗಳಿಗೆ ಕೊಡುವ ಕೆಲಸಕ್ಕೆ ತಿರುಗಿತು. ಮನೆಯವಳು ವಾರಕ್ಕೊಮ್ಮೆ ಅರ್ಧ ಕೆ.ಜಿ. ಟೊಮೆಟೊ ಕೊಂಡರೆ ಅಂಗಡಿಯವನು ದಿನವೂ ಕ್ರೇಟ್‌ಗಟ್ಟಲೆ ಕೊಳ್ಳುತ್ತಾನೆ. ಮನೆ ಮನೆಗೆ ತಲುಪಿಸುವ ಕಷ್ಟವನ್ನು ಅಂಗಡಿಯವನಿಗೇ ಬಿಟ್ಟದ್ದು ಅಲ್ಲಿಯ ಜಾಣತನ. 2006ರ ರೆಡ್‌ಬಸ್ ಕಥೆ ಇನ್ನೂ ಸ್ವಾರಸ್ಯದ್ದು. ಫಣೀಂದ್ರ ಸಾಮ ಮತ್ತು ಗೆಳೆಯರು ಬಸ್ ಮಾಲೀಕರಿಗೆ ಸೀಟು ನಿರ್ವಹಿಸುವ ಸಾಫ್ಟ್‌ವೇರ್ ಕೊಡಹೋದರೆ ಮಾಲೀಕರು ಬೇಡವೆಂದರು. ಹಾಗಾದರೆ ಕೆಲವು ಸೀಟು ಕೊಡಿ, ಮಾರಿಕೊಡುತ್ತೇವೆ ಎಂದಾಗ ಒಪ್ಪಿದರು. ಅಂದರೆ ಕಂಪನಿ ತಾನೇ ಟಿಕೆಟ್ ಏಜೆಂಟನಾಯಿತು, ಕಮಿಷನ್ ಪಡೆಯಿತು. ತಂತ್ರಜ್ಞಾನ ಕೊಳ್ಳಲು ಒಲ್ಲದವನು ಗಿರಾಕಿ ಬಂದರೆ ಒಲ್ಲೆ ಎನ್ನುವುದಿಲ್ಲ.

ಮಧ್ಯದ ಕೆಲಸವನ್ನು ಅಳಿಸದೆ ತಿದ್ದಿದ್ದಕ್ಕೆ ಇಂಟರ್ನೆಟ್ಟಿಗಿಂತ ಹಳೆಯ ಮಾದರಿ ಈ ತಾಲ್ಲೂಕುಗಳ ಊರೂರಲ್ಲಿದೆ, ಅದು ಹಾಲಿನ ಡೇರಿ. ದಿನಕ್ಕೆರಡು ಹೊತ್ತು ರೈತ ಬರುತ್ತಾನೆ, ಹಾಲಿನ ಜಿಡ್ಡು ಅಳೆದು ಅದರಂತೆ ಬೆಲೆ ಕಟ್ಟುತ್ತಾರೆ, ಕಾಲಕಾಲಕ್ಕೆ ಬಟವಾಡೆ ಆಗುತ್ತದೆ. ಸಂಘದ ಕಾರ್ಯದರ್ಶಿ ಮಧ್ಯವರ್ತಿಯೇ, ಆದರೆ ಅವನ ಕೈಯಲ್ಲಿದ್ದ ಅಳತೆಯನ್ನು ಯಂತ್ರಕ್ಕೆ ಕೊಡಲಾಗಿದೆ. ಸರ್ಕಾರದ ಪ್ರೋತ್ಸಾಹಧನ ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ. ನೆಚ್ಚಬಹುದಾದ ಅಳತೆ, ದಿನವೂ ನಡೆಯುವ ವ್ಯವಹಾರ, ಊರಲ್ಲೇ ಇರುವ ಒಬ್ಬ ಮನುಷ್ಯ: ಯಾವ ಸ್ಟಾರ್ಟಪ್ಪಾದರೂ ಅಸೂಯೆಪಡುವಂಥ ಜೋಡಣೆ. ಆದರೂ 2021ರಲ್ಲಿ ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಹಾಲು ಒಕ್ಕೂಟ ಮನ್‌ಮುಲ್‌ಗೆ ಹಾಲು ಒಯ್ಯುವ ಟ್ಯಾಂಕರ್‌ಗಳಲ್ಲಿ ನೀರು ಬೆರೆಸುತ್ತಿದ್ದ ಹಗರಣ ಹೊರಬಿತ್ತು. ಊರಿನ ಡೇರಿಯಲ್ಲಿ ಅಳತೆ ಬಿಗಿಯಾಗಿದ್ದಾಗ ಮೋಸ ಊರಿಗೂ ಗೆಜ್ಜಲಗೆರೆಗೂ ನಡುವಿನ ದಾರಿಗೆ ಸರಿದಿತ್ತು. ಒಂದು ಕೊಂಡಿಗೆ ಯಂತ್ರ ಇಟ್ಟರೆ ಸರಪಳಿಯೆಲ್ಲ ಶುದ್ಧವಾಗುತ್ತದೆ ಎಂದು ನಂಬಿದವರು ಈ ಪ್ರಕರಣವನ್ನು ಓದಿಕೊಳ್ಳಬೇಕು.

ಎಪಿಎಂಸಿಗಳನ್ನು ಆನ್‌ಲೈನ್ ಹರಾಜಿಗೆ ತಂದ ಕರ್ನಾಟಕದ ಪ್ರಯೋಗವೂ ಇದೇ ಸಾಲಿಗೆ ಸೇರುತ್ತದೆ. ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್‌ನ ಅಂಗಸಂಸ್ಥೆ ಜಂಟಿಯಾಗಿ ಕಟ್ಟಿದ ‘ರೆಮ್ಸ್’ ಕಂಪನಿಯ ಮೂಲಕ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾಯಿತು. ಕೇಂದ್ರದ ಇ-ನ್ಯಾಮ್ ಬಂದದ್ದು ಅದಾದ ಮೇಲೆ, 2016ರ ಏಪ್ರಿಲ್‌ನಲ್ಲಿ. ರೈತನ ರಾಶಿಗೊಂದು ಸಂಖ್ಯೆ, ವರ್ತಕರ ಗುಟ್ಟಿನ ಬಿಡ್ಡು, ಹೆಚ್ಚು ಬೆಲೆ ಹಾಕಿದವನಿಗೆ ಸರಕು. ಇಲ್ಲಿ ಕಮಿಷನ್ ಏಜೆಂಟರನ್ನು ಹೊರಗೆ ಹಾಕಲಿಲ್ಲ. ಕೂಗಿ ಬೆಲೆ ನಿಲ್ಲಿಸುವ ಕೆಲಸವೊಂದನ್ನು ಮಾತ್ರ ಅವರ ಅಂಗಳದಿಂದ ಪರದೆಗೆ ಸರಿಸಲಾಯಿತು. ಇದನ್ನು ಅಧ್ಯಯನ ಮಾಡಿದ ರೆಟ್ಸೆಫ್ ಲೆವಿ ಮತ್ತು ಸಂಗಡಿಗರು ಭತ್ತದ ಬೆಲೆ ಸುಮಾರು ಶೇ 5ರಷ್ಟು, ಶೇಂಗಾ ಮತ್ತು ಮೆಕ್ಕೆಜೋಳದ ಬೆಲೆ ಶೇ 3.5ರ ಆಸುಪಾಸಿನಲ್ಲಿ ಏರಿದ್ದನ್ನು ಕಂಡರು. ಎಲ್ಲ ಸರಕುಗಳಿಗೂ ಅಂಥ ಏರಿಕೆ ಕಾಣಲಿಲ್ಲ. ಶೇ 5 ಎಂದರೆ ಕ್ರಾಂತಿಯ ಭಾಷಣಕ್ಕೆ ಸಾಲದು. ಆದರೆ ಎರಡು ಎಕರೆ ಗದ್ದೆಯವನ ನಿವ್ವಳ ಉಳಿತಾಯ ಎಷ್ಟು ತೆಳುವೆಂದು ಬಲ್ಲವರಿಗೆ ಅದು ದೊಡ್ಡ ಮೊತ್ತವೇ. ಒಂದೇ ಕೆಲಸವನ್ನು ಆಯ್ದು ಚೆನ್ನಾಗಿ ಮಾಡಿದ್ದಕ್ಕೆ ಸಿಕ್ಕ ಫಲವದು.

ಇಷ್ಟು ಹೇಳಿದ ಮೇಲೆ ಮೊದಲ ಆಕ್ಷೇಪ ಏನೆಂದು ಊಹಿಸುವುದು ಕಷ್ಟವಲ್ಲ. ದಲ್ಲಾಳಿಯ ವಕಾಲತ್ತು ವಹಿಸುತ್ತಿದ್ದೀರಿ. ತೂಕದಲ್ಲಿ ಕೈಚಳಕ, ಬಿಳಿಚೀಟಿಯ ಲೆಕ್ಕ, ಮುಂಗಡದ ಹೆಸರಲ್ಲಿ ಬೆಳೆಗಾರನನ್ನು ಕಟ್ಟಿಹಾಕುವುದು, ಇವೆಲ್ಲ ಯಾರ ಕೆಲಸ? ಅವನದೇ. ಕರ್ನಾಟಕದಲ್ಲಿ ರೈತನಿಂದ ಕಮಿಷನ್ ಹಿಡಿಯಬಾರದೆಂಬ ಕಾನೂನಿದ್ದೂ ಹಿಡಿಯುವ ದೂರುಗಳು ನಿಂತಿಲ್ಲ. ಆದರೆ ಈ ಶೋಷಣೆಯ ಬೇರು ಎಲ್ಲಿದೆ ಎಂದು ನೋಡಬೇಕು. ಮಂಡಿಯವನು ಬಲಿಷ್ಠನಾಗಿರುವುದು ಅವನು ನಡುವೆ ನಿಂತಿದ್ದಾನೆಂದಲ್ಲ, ಹತ್ತು ಕೆಲಸಗಳೂ ಒಬ್ಬನ ಕೈಯಲ್ಲೇ ಗಂಟುಬಿದ್ದಿವೆ ಎಂಬುದರಿಂದ. ಸಾಲ ಕೊಟ್ಟವನೇ ತೂಗುತ್ತಾನೆ, ತೂಗಿದವನೇ ಬೆಲೆ ಹೇಳುತ್ತಾನೆ, ಹೇಳಿದವನೇ ಲೆಕ್ಕ ಬರೆಯುತ್ತಾನೆ. ಇದರಿಂದ ತೂಕವನ್ನು ಬೇರ್ಪಡಿಸಿದರೆ, ಲೆಕ್ಕವನ್ನು ಬೇರ್ಪಡಿಸಿದರೆ ಅವನ ಬಲ ಅಷ್ಟಷ್ಟೇ ಕುಗ್ಗುತ್ತದೆ. ಎಲ್ಲವನ್ನೂ ಒಂದೇ ಏಟಿಗೆ ಕಿತ್ತುಕೊಳ್ಳುವ ಕಂಪನಿ ಆ ಹತ್ತೂ ಕೆಲಸಗಳನ್ನು ತನ್ನ ಕೈಯಲ್ಲಿ ಗಂಟುಹಾಕಿಕೊಳ್ಳುತ್ತದೆ. ಮಂಡಿಯವನ ಜತೆ ಜಗಳವಾಡಲು ಮಂಡ್ಯಕ್ಕೆ ಬಸ್ ಹತ್ತಿದರೆ ಸಾಕು. ಕಂಪನಿಯ ಜತೆ ಜಗಳವಾಡಲು ಚಾಟ್‌ಬಾಟ್ ಮಾತ್ರ ಸಿಗುತ್ತದೆ.

ಎರಡನೆಯ ಆಕ್ಷೇಪ ಯುಪಿಐಯದು. ಕೆ.ಆರ್.ಪೇಟೆಯ ಸಂತೆಯಲ್ಲಿ ಸೊಪ್ಪು ಮಾರುವವಳೂ ಫೋನಿನಲ್ಲಿ ಹಣ ಪಡೆಯುತ್ತಾಳೆ, ನಡುವೆ ಯಾರಿದ್ದಾರೆ ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. 2020ರ ಜನವರಿಯಿಂದ ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಹಾಗಾದರೆ ಪಾವತಿ ಕಂಪನಿಗಳು ಬದುಕುವುದು ಹೇಗೆ? ಅವುಗಳ ಆದಾಯದ ಒಂದು ಪಾಲು ಬರುವುದು ಹಣ ಬಂದಿತೆಂದು ಕೂಗಿ ಹೇಳುವ ಆ ಪುಟ್ಟ ಡಬ್ಬಿಯ ಬಾಡಿಗೆಯಿಂದ, ಇನ್ನೊಂದು ಪಾಲು ಅಂಗಡಿಯವರಿಗೆ ಸಾಲ ಕೊಡಿಸುವುದರಿಂದ. ಫೋನ್‌ಪೇ ಆ ಡಬ್ಬಿಗೆ ಕಿಚ್ಚ ಸುದೀಪ್ ಅವರ ದನಿಯನ್ನೂ ಕೊಡಿಸಿತು. ಹಣ ಕಳಿಸುವುದು ಬಿಟ್ಟಿ, ಹಣ ಬಂತೆಂಬ ಭರವಸೆಗೆ ಬಾಡಿಗೆ: ಯಾವುದಕ್ಕೆ ಬೆಲೆ ಕಟ್ಟಬೇಕು ಎಂಬ ನಿರ್ಧಾರದ ಸೊಗಸು ಇಲ್ಲಿದೆ. ಮಾರುವ ಭರಾಟೆಯಲ್ಲಿ ಫೋನ್ ನೋಡಲಾಗದವಳಿಗೆ ಬೇಕಾದದ್ದು ಅದೇ ಭರವಸೆ. ಜತೆಗೆ, ಸಂತೆ ಸಂತೆ ತಿರುಗಿ ಆ ಕ್ಯೂಆರ್ ಹಾಳೆಯನ್ನು ಅಂಟಿಸಿದವರು, ಕೆಟ್ಟ ಡಬ್ಬಿ ಬದಲಿಸುವವರು ಕಂಪನಿಯ ಹುಡುಗರು. ಮನುಷ್ಯರಿಲ್ಲದೆ ಯುಪಿಐಯೂ ಸಂತೆಗೆ ಬಂದಿಲ್ಲ.

ಸರ್ಕಾರವೇ ಇವನ್ನೆಲ್ಲ ಪುಕ್ಕಟೆ ಕೊಡಲಿ ಎನ್ನುವವರಿಗೆ ಪಹಣಿಯ ‘ಭೂಮಿ’ ಯೋಜನೆಯನ್ನು ತೋರಿಸಬೇಕು. ಅದರ ಆರಂಭದ ಪ್ರಯೋಗ ನಡೆದದ್ದೂ ಇದೇ ಜಿಲ್ಲೆಯ ಮದ್ದೂರಿನಲ್ಲಿ. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಲೆಕ್ಕಿಗರ ಏಕಸ್ವಾಮ್ಯ ಮುರಿದದ್ದು ನಿಜ, ಅದು ಸಣ್ಣ ಸಾಧನೆಯಲ್ಲ. ಆದರೆ ಗಮನಿಸಿ: ಸರ್ಕಾರವೂ ಬೆಲೆಯಿಟ್ಟಿತು, ಆ 15 ರೂಪಾಯಿಯೇ ವ್ಯವಸ್ಥೆಯನ್ನು ನಡೆಸಿತು. ಪಹಣಿ ಅಂತರ್ಜಾಲಕ್ಕೆ ಬಂದ ಮೇಲೂ ನಾಗಮಂಗಲದ ಮುದುಕ ಸೈಬರ್ ಅಂಗಡಿಗೋ ಗ್ರಾಮ ಒನ್ ಕೇಂದ್ರಕ್ಕೋ ಹೋಗುತ್ತಾನೆ. 2022ರ ಜನವರಿಯಲ್ಲಿ 12 ಜಿಲ್ಲೆಗಳಿಗೆ ವಿಸ್ತರಿಸಿದ ಗ್ರಾಮ ಒನ್‌ನಲ್ಲಿ ಸರ್ಕಾರ ಈ ವಾಸ್ತವವನ್ನು ಒಪ್ಪಿಕೊಂಡಿದೆ. ಕೇಂದ್ರ ನಡೆಸುವವರು ನೌಕರರಲ್ಲ, ಸೇವೆಗಿಷ್ಟು ಎಂದು ದುಡಿಯುವ ಊರಿನವರು. ಅಂದರೆ ಅಧಿಕೃತ ಮಧ್ಯವರ್ತಿಗಳು.

ಕಮಿಷನ್ ಕೀಳುವ ಆ್ಯಪ್‌ಗಳ ವಿರುದ್ಧ ಬೆಂಗಳೂರಿನ ಆಟೊ ಚಾಲಕರು ಹಿಡಿದ ದಾರಿಯೂ ಇಲ್ಲಿ ನೆನಪಾಗುತ್ತದೆ. 2022ರ ನವೆಂಬರ್‌ನಲ್ಲಿ ಆಟೊ ಚಾಲಕರ ಸಂಘ ಮತ್ತು ಜಸ್‌ಪೇ ಕಂಪನಿ ಸೇರಿ ತಂದ ನಮ್ಮ ಯಾತ್ರಿ, ಪ್ರತಿ ಬಾಡಿಗೆಯಲ್ಲಿ ಪಾಲು ಕೇಳದೆ, ಮರುವರ್ಷದಿಂದ ದಿನಕ್ಕೆ 25 ರೂಪಾಯಿಯಂಥ ಚಂದಾ ಪಡೆಯತೊಡಗಿತು. 2025ರಲ್ಲಿ ಊಬರ್ ಕೂಡ ಆಟೊಗಳಿಗೆ ಕಮಿಷನ್ ಬಿಟ್ಟು ಚಂದಾ ಪದ್ಧತಿಗೆ ಬಂತು. ದುಡಿಯುವವನಿಗೆ ನಾಳೆ ಎಷ್ಟು ಕೊಡಬೇಕು ಎಂಬುದು ಇಂದೇ ಗೊತ್ತಿದ್ದರೆ ಅವನು ಸೇವೆಯನ್ನು ತನ್ನ ಉಪಕರಣವೆಂದು ನೋಡುತ್ತಾನೆ, ಗೊತ್ತಿಲ್ಲದಿದ್ದರೆ ಸುಂಕದ ಕಟ್ಟೆಯೆಂದು. ಆಲೆಮನೆಯವನಿಗೂ ಮಂಡಿಯವನಿಗೂ ಸೇವೆ ಮಾರುವವರು ಕಮಿಷನ್ ಕೇಳದೆ ಚಂದಾ ಕೇಳಬೇಕು, ಅದೂ ಅರೆಯುವ ಹಂಗಾಮಿನಲ್ಲಿ ಮಾತ್ರ.

ಏನನ್ನು ಮಾರಬೇಕು? ಬರೀ ಲೆಕ್ಕದ ಪುಸ್ತಕದ ಆ್ಯಪ್ ಸಾಲದು. ಖಾತಾಬುಕ್, ಓಕೆಕ್ರೆಡಿಟ್‌ನಂಥ ಬೆಂಗಳೂರಿನ ಕಂಪನಿಗಳು ಅದನ್ನು ಬಿಟ್ಟಿಯಾಗಿ ಕೋಟಿಗಟ್ಟಲೆ ಜನರಿಗೆ ಹಂಚಿ, ಅದರಿಂದ ಆದಾಯ ತೆಗೆಯಲು ಹೆಣಗಿವೆ. ಆಲೆಮನೆಗೆ ಬೇಕಿರುವುದು ಬೇರೆ: ಬಂದ ಕಬ್ಬಿನ ತೂಕ, ಯಾರ ಗದ್ದೆಯದು, ಆಳುಗಳ ಮುಂಗಡ, ಯಾವ ಕೊಪ್ಪರಿಗೆಯ ಪಾಕ ಯಾವ ಬಕೆಟ್ಟಿಗೆ ಹೋಯಿತು, ಆ ಬಕೆಟ್ಟಿನ ಗಂಧಕದ ಪರೀಕ್ಷೆಯ ಚೀಟಿ. ಈ ಸರಣಿ ಕೈಯಲ್ಲಿದ್ದರೆ ಸಿಹಿತಿಂಡಿ ತಯಾರಿಸುವವರು, ದೊಡ್ಡ ಹೋಟೆಲುಗಳು, ಆಯುರ್ವೇದ ಕಂಪನಿಗಳಂಥ ಟನ್‌ಗಟ್ಟಲೆ ಕೊಳ್ಳುವವರಿಗೆ ಕಂದು ಬೆಲ್ಲವನ್ನೂ ನಂಬಿಕೆಯಿಂದ ಮಾರಬಹುದು. ಮಂಡ್ಯದ ವಿ.ಸಿ. ಫಾರಂನಲ್ಲಿ ಕಬ್ಬಿನ ಮೇಲೆ ದಶಕಗಳ ಸಂಶೋಧನೆಯ ಅನುಭವವಿದೆ. ಪರೀಕ್ಷೆಯ ವಿಧಾನಕ್ಕಾಗಿ ದೂರ ಹುಡುಕಬೇಕಿಲ್ಲ.

ನಾಗಮಂಗಲದಲ್ಲಿ ಗಿರಾಕಿ ಊರಲ್ಲಿಲ್ಲ, ಬೆಂಗಳೂರಿನಲ್ಲಿದ್ದಾನೆ. ಸೇವೆ ಬೇಕಿರುವುದು ಊರಲ್ಲಿರುವ ಅವನ ತಂದೆತಾಯಿಗೆ, ತೆಂಗಿನ ತೋಟಕ್ಕೆ, ಅಜ್ಜನ ಹೆಸರಲ್ಲೇ ಉಳಿದ ಪೌತಿ ಖಾತೆಗೆ. ಹಣ ಕೊಡಲು ಸಿದ್ಧನಿರುವ ಅವನಿಗೆ ಸಿಗದಿರುವುದು ಊರಲ್ಲಿ ನಂಬಬಹುದಾದ ಒಬ್ಬ ಆಳು. ಗ್ರಾಮ ಒನ್ ನಡೆಸುವ ಹುಡುಗನೇ ಆ ಆಳಾಗಬಹುದು, ಅವನಿಗೆ ತಿಂಗಳ ಕೆಲಸ ಹೊಂದಿಸಿ ಆದ ಕೆಲಸಕ್ಕೆ ಫೋಟೊ ಮತ್ತು ರಸೀದಿ ಕಳಿಸುವುದೇ ಕಂಪನಿಯ ಪಾಲು. ಶ್ರೀರಂಗಪಟ್ಟಣ ಇದಕ್ಕೆ ವಿರುದ್ಧ. ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ಬರುವ ಕುಟುಂಬ ವರ್ಷ ವರ್ಷ ಬರುವುದಿಲ್ಲ. ಪ್ರತಿ ಗಿರಾಕಿಯೂ ಹೊಸಬ, ದುಃಖದಲ್ಲಿರುವವನು, ದರ ಗೊತ್ತಿಲ್ಲದವನು. ಮರಳಿ ಬಾರದ ಗಿರಾಕಿಗೆ ಒಳ್ಳೆಯ ಸೇವೆ ಕೊಟ್ಟರೂ ಕೊಡದಿದ್ದರೂ ಮುಂದಿನ ವ್ಯಾಪಾರಕ್ಕೆ ವ್ಯತ್ಯಾಸವಾಗದು. ಬಸ್ ಇಳಿಯುತ್ತಲೇ ಮುತ್ತಿಕೊಳ್ಳುವವರು ಹುಟ್ಟುವುದೇ ಹೀಗೆ. ಇಲ್ಲಿ ಆ್ಯಪ್ ಮಾಡಬಲ್ಲ ಕೆಲಸ ದರವನ್ನು ಮೊದಲೇ ಹೇಳುವುದು. ಆದರೆ ಅದರ ಆದಾಯದಿಂದ ಕಂಪನಿಯೊಂದು ನಿಲ್ಲುತ್ತದೆಂದು ನನಗೆ ಅನ್ನಿಸುವುದಿಲ್ಲ. ಅದು ಪುರೋಹಿತರ ಸಂಘವೋ ಪುರಸಭೆಯೋ ಮಾಡಬೇಕಾದ ಕೆಲಸ.

ಇವೆಲ್ಲ ತೀರ ಸಣ್ಣ ವ್ಯಾಪಾರಗಳು, ಇದಕ್ಕೆ ಹೂಡಿಕೆ ಯಾರು ಕೊಡುತ್ತಾರೆ ಎಂಬುದು ಕೊನೆಯ ಆಕ್ಷೇಪ. ಹತ್ತು ವರ್ಷದಲ್ಲಿ ನೂರು ಪಟ್ಟು ಬೆಳೆಯಬೇಕೆನ್ನುವವರು ಕೊಡುವುದಿಲ್ಲ, ಅವರಿಂದ ಕೇಳಲೂಬಾರದು. ನಾಲ್ಕು ತಾಲ್ಲೂಕುಗಳಲ್ಲಿ 300 ಆಲೆಮನೆ, ಮಂಡಿ, ಗ್ರಾಮ ಒನ್ ಕೇಂದ್ರಗಳು ವರ್ಷದ ಸರಾಸರಿಯಲ್ಲಿ ತಿಂಗಳಿಗೆ 500 ರೂಪಾಯಿ ಕೊಟ್ಟರೆ ಒಂದೂವರೆ ಲಕ್ಷವಾಯಿತು. ಐದಾರು ಜನರ ಸಂಬಳ ಪಾಂಡವಪುರದ ಬಾಡಿಗೆಯ ಲೆಕ್ಕದಲ್ಲಿ ನಡೆಯುತ್ತದೆ. ಸಾಫ್ಟ್‌ವೇರ್ ಗೊತ್ತಿರುವವರ ಕೊರತೆಯೂ ಇಲ್ಲಿಲ್ಲ. ಅಮೆರಿಕದಲ್ಲಿ ಸಾಫ್ಟ್‌ವೇರ್ ಕಂಪನಿ ಕಟ್ಟಿದ ದರ್ಶನ್ ಪುಟ್ಟಣ್ಣಯ್ಯ ಅವರನ್ನು ಪಾಂಡವಪುರ ತಾಲ್ಲೂಕನ್ನು ಒಳಗೊಂಡ ಮೇಲುಕೋಟೆ ಕ್ಷೇತ್ರ 2023ರಲ್ಲಿ ಶಾಸಕರನ್ನಾಗಿ ಆರಿಸಿದೆ. ನಿಜವಾಗಿ ಬಿಡಿಸಲಾಗದೆ ಉಳಿಯುವ ಗಂಟು ಮುಂಗಡದ್ದು. ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಬಡ್ಡಿರಹಿತ ಬೆಳೆ ಸಾಲದ ಮಿತಿಯನ್ನು 5 ಲಕ್ಷಕ್ಕೆ ಏರಿಸಿತು. ಪ್ರಾಥಮಿಕ ಸಹಕಾರ ಸಂಘಗಳ ಗಣಕೀಕರಣಕ್ಕೆ ಕೇಂದ್ರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ತಂದಿತು. ಆದರೂ ಮಗಳ ಮದುವೆಗೆ, ಆಸ್ಪತ್ರೆಗೆ, ಕೆಟ್ಟ ಪಂಪ್‌ಸೆಟ್ಟಿಗೆ ಈ ಸಂಜೆಯೇ ಹಣ ಕೊಡುವವನು ಮಂಡಿಯವನು. ಆಲೆಮನೆಯ ತೂಕ ಮತ್ತು ಮಾರಾಟದ ಲೆಕ್ಕ ಬೆಳೆಗಾರನ ಹೆಸರಿನಲ್ಲೇ ಬರೆದಿಟ್ಟಿದ್ದು, ಅವನ ಒಪ್ಪಿಗೆಯಿಂದ ಅದನ್ನು ನೋಡಿ ಸಹಕಾರ ಸಂಘ ಅದೇ ಸಂಜೆ ಸಾಲ ಮಂಜೂರು ಮಾಡುವಂತಾದರೆ, ಮಂಡಿಯವನ ಕೈಯಿಂದ ಜಾರುವ ಮುಂದಿನ ಕೆಲಸ ಅದೇ. ಆ ಲೆಕ್ಕ ಕಂಪನಿಯ ಆಸ್ತಿಯೆಂದು ಮೊದಲ ದಿನದ ಒಪ್ಪಂದದಲ್ಲೇ ಬರೆದಿದ್ದರೆ ಮಾತ್ರ, ಬೆಳೆಗಾರ ಸಾಲ ಕೊಡುವ ಒಬ್ಬನ ಕೈಬಿಟ್ಟು ಇನ್ನೊಬ್ಬನ ಕೈಗೆ ಸಿಕ್ಕಂತಾಗುತ್ತದೆ.